ಎಷ್ಟು ಕೊಯ್ದರೆ ಸಾಕು?

(ಗದಗಿನಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಮುಂದೆ ಹುಬ್ಬಳ್ಳಿಯ ಸರ್ಜನ್ ಒಬ್ಬರು ಆಡಿದ ಮಾತಿನ ಬರಹ ರೂಪ)

ರೋಣದ ಕಡೆಯ ಅಕ್ಕ ಒಬ್ಬರು ತೋರಿಸಿಕೊಳ್ಳಲು ಹುಬ್ಬಳ್ಳಿಗೆ ನನ್ನ ಹತ್ತಿರ ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು. ಏನಾಯಿತು ಅಂತ ಕೇಳಿದೆ. ಅವರು ಎಡ ಅಂಗೈ ಚಾಚಿ, ಬಲಗೈಯಿಂದ ಅದರ ಮೇಲೆ ಹಿಟ್ಟು ನಾದುವ ಹಾಗೆ ಮಾಡಿ ತೋರಿಸಿದರು. "ಜಳಕಾ ಮಾಡುವಾಗ ಕೈಗೆ ಹತ್ತಿತ್ರಿ. ರೊಟ್ಟಿ ಹಿಟ್ಟು ನಾದುವಾಗ ಹಳ್ಳು ಸಿಗತೈತಲ್ರೀ, ಹಂಗ."

ನಾನು ಕೈಯಿಟ್ಟು ನೋಡಿದೆ. ಹೌದು, ಹಿಟ್ಟಿನೊಳಗಿನ ಹಳ್ಳೇ. ಗಟ್ಟಿ. ಅಂಚು ಒರಟು. ಒತ್ತಿದರೆ ಜಾರುವುದಿಲ್ಲ. ನೋವೂ ಇಲ್ಲ. ವಿದ್ಯಾರ್ಥಿಗಳಿಗೆ ನಾನು ಅರ್ಧ ತಾಸು ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಈಗ ನನ್ನ ಪಾಠದಲ್ಲಿಯೂ ಅದೇ ಮಾತು ಇದೆ. ನಿಮ್ಮ ಕೈಗೆ ಇದು ಗೊತ್ತು. ದಿನಾ ಹಿಟ್ಟು ನಾದುವ ಕೈ ಅದು. ಸ್ನಾನ ಮಾಡುವಾಗ ಸೋಪು ಹಚ್ಚಿದ ಕೈಯನ್ನು ಎದೆಯ ಮೇಲೆ, ಕಂಕುಳಲ್ಲಿ ಮೆಲ್ಲಗೆ ಆಡಿಸಿ. ಹಳ್ಳು ಸಿಕ್ಕರೆ ಮುಚ್ಚಿಡಬೇಡಿ. ನೋವಿಲ್ಲ ಅಂತ ಸುಮ್ಮನಿರಬೇಡಿ. ಎದೆಯ ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ.

ಆ ಅಕ್ಕನಿಗೆ ತುಂಡು ಪರೀಕ್ಷೆ ಮಾಡಿಸಿದೆವು. ಕ್ಯಾನ್ಸರ್ ಅಂತಲೇ ಬಂತು. ಹೇಳಿದೆ. ಅವರು ಅಳಲಿಲ್ಲ. ಸೆರಗು ಸರಿ ಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಕೊಯ್ತೀರಿ?"

ನೀವು ಮಾಡುವ ಸಂಶೋಧನೆ ಅಂದರೆ ಏನು ಅಂತ ನನ್ನನ್ನು ಬಹಳ ಜನ ಕೇಳುತ್ತಾರೆ. ಹೊಸ ಔಷಧ ಕಂಡುಹಿಡಿಯುತ್ತೀರಾ ಅನ್ನುತ್ತಾರೆ. ಇಲ್ಲ. ಹೆಣ್ಣುಮಕ್ಕಳ ಎದೆ, ಗರ್ಭಚೀಲದ ಆಪರೇಷನ್ ಮಾಡುವವರು ನೂರು ವರ್ಷದಿಂದ ಕೇಳಿಕೊಳ್ಳುತ್ತಾ ಬಂದಿರುವುದು ಆ ಅಕ್ಕನ ಪ್ರಶ್ನೆಯನ್ನೇ. ಎಷ್ಟು ಕೊಯ್ದರೆ ಸಾಕು? ಇನ್ನೂ ಕಡಿಮೆ ಕೊಯ್ದರೆ ನಡೆಯುತ್ತದಾ? ಕೊಯ್ಯದೇ ಇದ್ದರೆ? ಇವತ್ತು ಆ ಪ್ರಶ್ನೆಯ ಕಥೆಯನ್ನೇ ಹೇಳುತ್ತೇನೆ.

ಅಮೆರಿಕದಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅಂತ ಒಬ್ಬ ಸರ್ಜನ್ ಇದ್ದರು. 1882ರಿಂದ ಅವರು ಎದೆಯ ಕ್ಯಾನ್ಸರಿಗೆ ದೊಡ್ಡದೊಂದು ಆಪರೇಷನ್ ಮಾಡಲು ಶುರು ಮಾಡಿದರು. 1894ರಲ್ಲಿ ಬಾಲ್ಟಿಮೋರಿನಿಂದ 50 ಹೆಂಗಸರ ವರದಿ ಪ್ರಕಟಿಸಿದರು. ಅವರು ತೆಗೆಯುತ್ತಿದ್ದದ್ದು ಗಂಟು ಒಂದನ್ನೇ ಅಲ್ಲ. ಇಡೀ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಲ್ಲಿರುವ ಗಂಟುಗಳು, ಎಲ್ಲ ಒಟ್ಟಿಗೆ.

ಯಾಕೆ ಅಷ್ಟು? ನಿಮ್ಮ ಎರಿ ಹೊಲದಲ್ಲಿ ಕರಿಕಿ ಎದ್ದರೆ ಏನು ಮಾಡುತ್ತೀರಿ, ನೆನಪು ಮಾಡಿಕೊಳ್ಳಿ. ಮೇಲೆ ಕಿತ್ತರೆ ಏನೂ ಆಗುವುದಿಲ್ಲ. ಬೇರಿನ ಒಂದು ತುಣುಕು ಮಣ್ಣಲ್ಲಿ ಉಳಿದರೂ ಮುಂದಿನ ಮಳೆಗೆ ಮತ್ತೆ ಹಬ್ಬುತ್ತದೆ. ಆಳಕ್ಕೆ ಅಗಿಯಬೇಕು, ಸುತ್ತಲೂ ಅಗಿಯಬೇಕು. ಹಾಲ್‌ಸ್ಟೆಡ್ ಕ್ಯಾನ್ಸರನ್ನು ಕರಿಕಿ ಅಂತ ತಿಳಿದರು. ಗಂಟಿನಿಂದ ಪಕ್ಕಕ್ಕೆ, ಅಲ್ಲಿಂದ ಕಂಕುಳಿಗೆ, ಅಲ್ಲಿಂದ ಮುಂದಕ್ಕೆ ಹೀಗೆ ಹಬ್ಬುತ್ತದೆ, ಆದ್ದರಿಂದ ದೂರದವರೆಗೆ ಅಗಿದರೆ ಗೆದ್ದೆವು ಅಂತ. ಅವರನ್ನು ಸುಮ್ನೆ ಬಯ್ಯುವುದು ಸರಿಯಲ್ಲ. ಆಗ ಹೆಂಗಸರು ಬರುತ್ತಿದ್ದದ್ದೇ ಗಂಟು ಬಹಳ ದೊಡ್ಡದಾದ ಮೇಲೆ. ಕೊಯ್ದ ಜಾಗದಲ್ಲೇ ರೋಗ ಮತ್ತೆ ಬರುವುದು ಈ ಆಪರೇಷನ್‌ನಿಂದ ನಿಜವಾಗಿಯೂ ಕಡಿಮೆಯಾಯಿತು. ಆದರೆ ಬದುಕಿ ಉಳಿದವರ ಗತಿ ನೋಡಿ. ಎದೆಗೂಡಿನ ಎಲುಬು ಚರ್ಮದ ಕೆಳಗೇ ಕಾಣುತ್ತಿತ್ತು. ಕೈ ಬಾತುಕೊಳ್ಳುತ್ತಿತ್ತು. ತುರುಬು ಕಟ್ಟಲು ಕೈ ಮೇಲೆ ಏಳುತ್ತಿರಲಿಲ್ಲ. ಇದು ಎಂಟು ಹತ್ತು ದಶಕ ನಡೆಯಿತು. ಇನ್ನೊಂದು ಮಾತು. ಆಗ ಹೆಂಗಸರಿಗೆ ಅರಿವಳಿಕೆ ಕೊಟ್ಟು ಗಂಟಿನ ತುಂಡು ತೆಗೆದು, ಕ್ಯಾನ್ಸರ್ ಅಂತ ಕಂಡರೆ ಅದೇ ಅರಿವಳಿಕೆಯಲ್ಲಿ ಸ್ತನವನ್ನೂ ತೆಗೆದುಬಿಡುತ್ತಿದ್ದರು. ಎಚ್ಚರಾದಾಗ ಎದೆ ಇರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದೇ ನಿದ್ದೆಗೆ ಹೋಗಬೇಕಿತ್ತು. ಇದನ್ನು ಒಪ್ಪುವುದಿಲ್ಲ ಅಂತ 1974ರಲ್ಲಿ ಹಟ ಹಿಡಿದವರಲ್ಲಿ ರೋಸ್ ಕುಶ್ನರ್ ಅನ್ನುವ ಪತ್ರಕರ್ತೆ ಒಬ್ಬರು. ಆಕೆಯೇ ರೋಗಿ. ಮೊದಲು ತುಂಡು ಪರೀಕ್ಷೆ, ಆಮೇಲೆ ಕೂತು ಮಾತು, ಆಮೇಲೆ ಆಪರೇಷನ್. ನಾವು ಇವತ್ತು ಹಾಗೆ ಮಾಡುತ್ತೇವಲ್ವಾ, ಅದರ ಹಿಂದೆ ಆಕೆಯಂಥವರ ಹಟ ಇದೆ.

ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಅನ್ನುವ ಸರ್ಜನ್ ಬೇರೆ ರೀತಿ ಯೋಚನೆ ಮಾಡಿದರು. ಕ್ಯಾನ್ಸರ್ ಕರಿಕಿಯ ಹಾಗಲ್ಲ, ಎಕ್ಕಿ ಗಿಡದ ಹಾಗೆ ಅಂತ. ಇದು ನನ್ನ ಹೋಲಿಕೆ, ಅವರದಲ್ಲ. ಎಕ್ಕಿ ಕಾಯಿ ಒಡೆದರೆ ಬೀಜ ಹತ್ತಿಯಂಥ ಕೂದಲು ಹಿಡಿದುಕೊಂಡು ಗಾಳಿಗೆ ಹಾರುತ್ತದೆ. ಗಿಡವನ್ನು ಕಡಿಯಲೇಬೇಕು, ಸರಿ. ಆದರೆ ಸುತ್ತ ಹತ್ತು ಮಾರು ನೆಲ ಅಗಿದರೆ ಹಾರಿಹೋದ ಬೀಜ ಸಿಗುತ್ತದಾ? ಕ್ಯಾನ್ಸರಿನ ಕಣಗಳು ರಕ್ತದಲ್ಲಿ ಸೇರಿ ಶುರುವಿನಲ್ಲೇ ದೂರ ಹೋಗಿರಬಹುದು. ಹಾಗಿದ್ದರೆ ಎದೆಯನ್ನು ಎಷ್ಟು ಅಗಲಕ್ಕೆ ಕೊಯ್ದರೂ ಜೀವ ಉಳಿಯುವುದು ಅದರಿಂದ ಅಲ್ಲ. ಹಾರಿದ ಬೀಜಕ್ಕೆ ಔಷಧವೇ ಬೇಕು.

ಇದನ್ನು ಸುಮ್ನೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಪರೀಕ್ಷೆ ಮಾಡಿ ತೋರಿಸಬೇಕು. ಹೇಗೆ? ನೀವು ಭಿಶಿ ಹಾಕುತ್ತೀರಲ್ವಾ, ಚೀಟಿ ಎತ್ತುತ್ತೀರಿ. ಯಾರ ಹೆಸರು ಬರುತ್ತದೋ ಯಾರ ಕೈಯಲ್ಲೂ ಇಲ್ಲ. ಹಾಗೇ ಒಪ್ಪಿಗೆ ಕೊಟ್ಟ ಹೆಂಗಸರನ್ನು ಚೀಟಿ ಎತ್ತಿ ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ದೊಡ್ಡ ಆಪರೇಷನ್, ಇನ್ನೊಂದಕ್ಕೆ ಚಿಕ್ಕದು. ಚೀಟಿ ಯಾಕೆ ಬೇಕು? ಇಲ್ಲದಿದ್ದರೆ ಡಾಕ್ಟರೇ ಆರಿಸುತ್ತಾರೆ. ಗಟ್ಟಿಮುಟ್ಟಾದವರಿಗೆ ತಮಗೆ ಇಷ್ಟದ ಆಪರೇಷನ್ ಮಾಡಿ, ನೋಡಿ ಎಷ್ಟು ಚೆನ್ನಾಗಿ ಆಯಿತು ಅನ್ನುತ್ತಾರೆ. ಬೇಕಂತ ಮೋಸ ಮಾಡುತ್ತಾರೆ ಅಂತಲ್ಲ. ಮನಸ್ಸು ಹಾಗೇ ಓಡುತ್ತದೆ, ನನ್ನದೂ ಓಡುತ್ತದೆ.

ಫಿಶರ್ ಮತ್ತು ಅವರ ಜೊತೆಯವರು 1971ರಲ್ಲಿ ಒಂದು ಪರೀಕ್ಷೆ ಶುರು ಮಾಡಿದರು. ಸ್ನಾಯುವನ್ನೂ ತೆಗೆಯುವ ಹಳೆಯ ಆಪರೇಷನ್ ಒಂದು ಕಡೆ, ಸ್ತನ ಮಾತ್ರ ತೆಗೆಯುವುದು ಇನ್ನೊಂದು ಕಡೆ. 25 ವರ್ಷ ಆದಮೇಲೆ ಲೆಕ್ಕ ನೋಡಿದರೆ ಬದುಕಿ ಉಳಿದವರಲ್ಲಿ ವ್ಯತ್ಯಾಸ ಇಲ್ಲ. 1976ರಲ್ಲಿ ಇನ್ನೊಂದು ಶುರುವಾಯಿತು. ಇಡೀ ಸ್ತನ ತೆಗೆಯುವುದೋ, ಗಂಟು ಮತ್ತು ಅದರ ಸುತ್ತ ಸ್ವಲ್ಪ ಮಾತ್ರವೋ? 1,851 ಹೆಂಗಸರು. 20 ವರ್ಷ ಕಾದರು. ಬದುಕಿನಲ್ಲಿ ಇಲ್ಲಿಯೂ ವ್ಯತ್ಯಾಸ ಇಲ್ಲ. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ 701 ಹೆಂಗಸರಲ್ಲಿ ಇದನ್ನೇ ನೋಡಿದರು, ಅಲ್ಲಿಯೂ ಅದೇ ಉತ್ತರ. ಇಬ್ಬರ 20 ವರ್ಷದ ಲೆಕ್ಕವೂ 2002ರಲ್ಲಿ ಹೊರಗೆ ಬಂತು. ಹಾಲ್‌ಸ್ಟೆಡ್ ಶುರು ಮಾಡಿ ಆಗ 120 ವರ್ಷ.

ಆದರೆ ಇದರಲ್ಲಿ ಒಂದು ಷರತ್ತಿದೆ, ಅದನ್ನು ಬಿಟ್ಟು ಹೇಳಿದರೆ ತಪ್ಪಾಗುತ್ತದೆ. ಗಂಟು ಮಾತ್ರ ತೆಗೆದು ಸುಮ್ಮನಿದ್ದರೆ ಅದೇ ಸ್ತನದಲ್ಲಿ ರೋಗ ಮತ್ತೆ ಬಂದದ್ದು ನೂರಕ್ಕೆ 39 ಜನರಲ್ಲಿ. ಜೊತೆಗೆ ರೇಡಿಯೇಷನ್ ಕೊಟ್ಟರೆ 14ಕ್ಕೆ ಇಳಿಯಿತು. ಅಂದರೆ ಎದೆ ಉಳಿಸಿಕೊಂಡವರಲ್ಲಿ ಹೆಚ್ಚಿನವರು ರೇಡಿಯೇಷನ್ ತಪ್ಪಿಸುವ ಹಾಗಿಲ್ಲ.

ನಮ್ಮ ಕಡೆ ತೊಡಕು ಇಲ್ಲೇ. ಮೊದಲು ರೇಡಿಯೇಷನ್ ಅಂದರೆ 25 ದಿನ, ಐದು ವಾರ. ಹಿರೇಕೆರೂರಿನ ಕಡೆಯ ಹಳ್ಳಿಯಿಂದ ಬಂದವರು ಹುಬ್ಬಳ್ಳಿಯಲ್ಲಿ ಐದು ವಾರ ಎಲ್ಲಿ ಇರಬೇಕು? ದಿನಾ ಬಸ್ಸಿಗೆ ಬಂದು ಹೋಗಲು ಆಗುತ್ತದಾ? ಮನೆಯಲ್ಲಿ ದನ ಇದೆ, ಮೊಮ್ಮಕ್ಕಳಿದ್ದಾರೆ, ಕೂಲಿ ತಪ್ಪುತ್ತದೆ. "ಎಲ್ಲಾ ತಗದ ಬಿಡ್ರಿ, ಅಡ್ಡ್ಯಾಡೂದು ಆಗೂದಿಲ್ಲ" ಅಂತ ಎಷ್ಟೋ ಅಕ್ಕಂದಿರು ಹೇಳಿದ್ದಾರೆ. ಎದೆ ಹೋದದ್ದು ಕ್ಯಾನ್ಸರಿನಿಂದ ಅಲ್ಲ, ಬಸ್ಸಿನಿಂದ. ಆದ್ದರಿಂದ ಈ ದಿನಗಳ ಲೆಕ್ಕದ ಸಂಶೋಧನೆ ನನಗೆ ಆಪರೇಷನ್ನಿನ ಸಂಶೋಧನೆಯಷ್ಟೇ ದೊಡ್ಡದು. ಇಂಗ್ಲೆಂಡಿನಲ್ಲಿ ಚೀಟಿ ಎತ್ತಿಯೇ ಪರೀಕ್ಷೆ ಮಾಡಿ 25 ದಿನವನ್ನು 15ಕ್ಕೆ ಇಳಿಸಿದರು. 2020ರಲ್ಲಿ ಇನ್ನೊಂದು ಪರೀಕ್ಷೆಯ ಲೆಕ್ಕ ಬಂತು. ಸರಿಯಾಗಿ ಆರಿಸಿದವರಿಗೆ 5 ದಿನವೂ ಸಾಕು. ಐದು ದಿನ ಅಂದರೆ ತಂಗಿಯ ಮನೆಯಲ್ಲಿ ಇದ್ದು ಮುಗಿಸಿಕೊಂಡು ಹೋಗಬಹುದು. ನಿಮಗೆ ಯಾರಾದರೂ ಪೂರ್ತಿ ತೆಗೆಯಬೇಕು ಅಂದರೆ, ಉಳಿಸಲು ಆಗುತ್ತದಾ, ಎಷ್ಟು ದಿನದ ರೇಡಿಯೇಷನ್ ಅಂತ ಕೇಳಿ. ಗಂಟು ದೊಡ್ಡದಿದ್ದರೆ, ಹಲವು ಕಡೆ ಇದ್ದರೆ ಪೂರ್ತಿ ತೆಗೆಯಬೇಕಾಗಬಹುದು. ಆದರೂ ಕೇಳಿ.

ಈಗ ಕಂಕುಳಿಗೆ ಬರೋಣ. ನನಗೆ ಬಹಳ ಇಷ್ಟದ ಭಾಗ ಇದು.

ಕಂಕುಳಲ್ಲಿ ಕಾಳಿನಂಥ ಗಂಟುಗಳು ಎಲ್ಲರಿಗೂ ಇರುತ್ತವೆ. ಎದೆಯಿಂದ ಹೊರಟ ಕ್ಯಾನ್ಸರ್ ಕಣ ಮೊದಲು ಅಲ್ಲಿಗೆ ಬರಬಹುದು. ಅದಕ್ಕೇ ಮೊದಲು ಅವನ್ನೆಲ್ಲ ಬಳಿದು ತೆಗೆಯುತ್ತಿದ್ದರು. ಹಾಗೆ ತೆಗೆದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಒಮ್ಮೆ ಬಂದರೆ ಜೀವನಪೂರ್ತಿ. ಪುಸ್ತಕದಲ್ಲಿ ಓದಿದಾಗ ಅದು ಒಂದು ಸಾಲು. ನಮ್ಮ ಕಡೆಯ ಹೆಣ್ಣುಮಗಳಿಗೆ ಬಲಗೈ ಬಾತರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಬಳೆ ಏರುವುದಿಲ್ಲ. ಕೊಡ ಎತ್ತಲು ಆಗುವುದಿಲ್ಲ. ರೊಟ್ಟಿ ಬಡಿಯಲು ಆಗುವುದಿಲ್ಲ. "ಸೊಸಿ ಮಾಡಿದ್ದು ತಿಂತೀನ್ರಿ, ಆದ್ರ ನನ್ನ ಮನ್ಯಾಗ ನಾ ಬ್ಯಾರೇದಾಕಿ ಆದೆ" ಅಂತ ಒಬ್ಬ ಅಜ್ಜಿ ನನ್ನ ಮುಂದೆ ಆ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಹೇಳಿದ್ದರು.

ಹಳೆಯ ಊರುಗಳಿಗೆ ಅಗಸಿ ಇರುತ್ತದಲ್ವಾ. ಊರೊಳಗೆ ಯಾರೇ ಹೋಗಲಿ, ಅಗಸಿ ದಾಟಿಯೇ ಹೋಗಬೇಕು. ಕಳ್ಳ ಅಗಸಿಯನ್ನೇ ದಾಟಿಲ್ಲ ಅಂತ ಗೊತ್ತಾದರೆ ಮನೆಮನೆ ಹುಡುಕುವುದು ಯಾಕೆ? ಕಂಕುಳಿಗೂ ಅಗಸಿಯಂಥ ಗಂಟು ಒಂದೆರಡು ಇರುತ್ತವೆ. ಎದೆಯಿಂದ ಬರುವ ದ್ರವ ಮೊದಲು ಅಲ್ಲಿಗೇ ಬರುತ್ತದೆ. ಅದನ್ನು ಮಾತ್ರ ತೆಗೆದು ನೋಡಿ, ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟಬೇಡಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಡೇವಿಡ್ ಕ್ರಾಗ್, ಅರ್ಮಾಂಡೊ ಜೂಲಿಯಾನೊ ಅನ್ನುವ ಸರ್ಜನ್‌ಗಳು ಇದನ್ನು ಎದೆಯ ಕ್ಯಾನ್ಸರಿನಲ್ಲಿ ತೋರಿಸಿಕೊಟ್ಟರು.

ಅದು ಥಿಯೇಟರಿನಲ್ಲಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಸ್ತನದ ತೊಟ್ಟಿನ ಹತ್ತಿರ ನೀಲಿ ಬಣ್ಣದ ಔಷಧವನ್ನು ಸೂಜಿಯಿಂದ ಹಾಕುತ್ತೇವೆ. ಬಿಳಿ ಬಟ್ಟೆಗೆ ನೀಲಿ ಹಾಕುತ್ತೀರಲ್ಲ, ನೋಡಲು ಹಾಗೇ. ಐದು ನಿಮಿಷ ಅಂಗೈಯಿಂದ ಮೆಲ್ಲಗೆ ತೀಡುತ್ತೇವೆ. ಆಮೇಲೆ ಕಂಕುಳಲ್ಲಿ ಎರಡು ಬೆರಳು ಅಗಲ ಕೊಯ್ಯುತ್ತೇವೆ. ಒಳಗೆಲ್ಲ ಹಳದಿ ಕೊಬ್ಬು. ಮೆಲ್ಲಗೆ ಬಿಡಿಸುತ್ತಾ ಹೋದರೆ ಒಂದು ಕಡೆ ಕೂದಲಿನಷ್ಟು ತೆಳ್ಳಗಿನ ನೀಲಿ ಗೆರೆ ಕಾಣುತ್ತದೆ. ಬೆಟಗೇರಿಯ ಮಗ್ಗದಲ್ಲಿ ಹಳದಿ ಹಾಸಿನ ನಡುವೆ ಒಂದೇ ಒಂದು ನೀಲಿ ಎಳೆ ಸೇರಿದ ಹಾಗೆ. ಆ ಎಳೆಯನ್ನು ಹಿಡಿದುಕೊಂಡು ಹೋದರೆ ಕೊನೆಯಲ್ಲಿ ಕಡಲೆ ಕಾಳಿನಷ್ಟು ನೀಲಿ ಗಂಟು. ಅದೇ ಅಗಸಿ. ಅದನ್ನು ಪರೀಕ್ಷೆಗೆ ಕಳಿಸಿ, ಕೈ ಕಟ್ಟಿಕೊಂಡು ಕಾಯುತ್ತೇವೆ. ಅರ್ಧ ತಾಸು ಆಗಬಹುದು. "ಏನಿಲ್ಲ ಮೇಡಂ" ಅಂತ ಫೋನ್ ಬಂದರೆ ಅಷ್ಟೇ, ಹೊಲಿಗೆ ಹಾಕುತ್ತೇವೆ. ಹೀಗೆ ಮಾಡಿದರೆ ಕೈ ಬಾವು ಇಪ್ಪತ್ತರಲ್ಲಿ ಒಬ್ಬರಿಗೆ ಬಂದರೆ ಜಾಸ್ತಿ ಅನ್ನಬಹುದು. ಇಷ್ಟು ವರ್ಷವಾದರೂ ಆ ನೀಲಿ ಎಳೆ ಕಂಡಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಮರುದಿನ ಮೂತ್ರ ಹಸಿರು ನೀಲಿಯಾಗಿ ಹೋಗುತ್ತದೆ. ಗಾಬರಿ ಬೇಡ, ಅದು ಆ ಬಣ್ಣ.

ರೋಣದ ಅಕ್ಕನಿಗೂ ಇದನ್ನೇ ಮಾಡಿದೆವು. ಆಪರೇಷನ್ ಆದ ಮೂರನೇ ತಿಂಗಳಿಗೆ ತೋರಿಸಲು ಬಂದಾಗ ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ ತಂದಿದ್ದರು. ತಾವೇ ಬಡಿದದ್ದು ಅಂತ ಎರಡು ಸಲ ಹೇಳಿದರು.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ಇಷ್ಟೆಲ್ಲ ತಿಳಿದದ್ದು ಯಾರಿಂದ? ಪರೀಕ್ಷೆಗೆ ಒಪ್ಪಿದ ಹೆಂಗಸರಿಂದ. ಆದರೆ ಒಪ್ಪಿಗೆ ಕೇಳದ ಕಾಲವೂ ಇತ್ತು. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ ಅನ್ನುವ ಡಾಕ್ಟರು, ಹೆರಿಗೆಯಲ್ಲಿ ಮೂತ್ರಚೀಲ ತೂತಾಗಿ ಸದಾ ಮೂತ್ರ ಸೋರುವ ತೊಂದರೆಗೆ ಆಪರೇಷನ್ ಕಂಡುಹಿಡಿದರು. ಅದನ್ನು ಕಲಿತದ್ದು ಗುಲಾಮ ಹೆಂಗಸರ ಮೈಮೇಲೆ. ಅನಾರ್ಕಾ, ಲೂಸಿ, ಬೆಟ್ಸಿ ಅಂತ ಮೂವರ ಹೆಸರು ಉಳಿದಿದೆ. ಅನಾರ್ಕಾಳಿಗೆ ಸುಮಾರು 30 ಸಲ ಆಪರೇಷನ್ ಮಾಡಿದರು, ಅರಿವಳಿಕೆ ಇಲ್ಲದೆ. ಬೇಡ ಅನ್ನುವ ಹಕ್ಕೇ ಅವಳಿಗೆ ಇರಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ತೆಗೆದರು. ನಮ್ಮ ಪಾಠಗಳಲ್ಲಿ ಸಿಮ್ಸ್ ಹೆಸರು ಈಗಲೂ ಬರುತ್ತದೆ, ಒಂದು ಸಲಕರಣೆಗೆ ಅವರದೇ ಹೆಸರು. ನಾನು ಪಾಠ ಮಾಡುವಾಗ ಆ ಮೂರು ಹೆಸರನ್ನೂ ಹೇಳಿ ಮುಂದೆ ಹೋಗುತ್ತೇನೆ.

ಒಪ್ಪಿಗೆ ಪತ್ರ ಅಂದರೆ ನಮ್ಮ ಕಡೆ ಗಂಡನೋ ಮಗನೋ ಸಹಿ ಹಾಕಲು ಮುಂದೆ ಬರುತ್ತಾರೆ. ನಾನು ಅವರನ್ನು ಸ್ವಲ್ಪ ಹೊತ್ತು ಹೊರಗೆ ಚಹಾ ಕುಡಿಯಲು ಕಳಿಸುತ್ತೇನೆ. ಆಮೇಲೆ ಅಕ್ಕನ ಜೊತೆ ಕೂರುತ್ತೇನೆ. "ನನ್ನ ಮ್ಯಾಲೆ ಪ್ರಯೋಗ ಮಾಡ್ತೀರೇನ್ರಿ?" ಅಂತ ನೇರ ಕೇಳುವವರಿದ್ದಾರೆ. ಹೌದು ಅನ್ನುತ್ತೇನೆ. ಎರಡು ದಾರಿಯೂ ಒಳ್ಳೆಯವು ಅಂತ ಇವತ್ತಿನ ಮಟ್ಟಿಗೆ ಅನಿಸಿದೆ, ಯಾವುದು ಮೇಲು ಅಂತ ನಮಗೆ ಗೊತ್ತಿಲ್ಲ, ಗೊತ್ತಿದ್ದರೆ ಅದನ್ನೇ ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಬೇಡ ಅಂದರೆ ಚಿಕಿತ್ಸೆ ಏನೂ ಕಡಿಮೆಯಾಗುವುದಿಲ್ಲ ಅಂತಲೂ ಹೇಳುತ್ತೇನೆ. ಹೆಬ್ಬೆಟ್ಟು ಒತ್ತುವವರ ಎದುರು ಈ ಮಾತು ಇನ್ನೂ ನಿಧಾನವಾಗಿ ಹೇಳಬೇಕು.

ಆಮೇಲಿನ ಕೆಲಸ ಇನ್ನೂ ಕಷ್ಟದ್ದು. ಐದು ವರ್ಷದ ಮೇಲೆ ಅವರು ಹೇಗಿದ್ದಾರೆ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಲೆಕ್ಕಕ್ಕೆ ಬೆಲೆ ಇಲ್ಲ. ಶನಿವಾರ ಮಧ್ಯಾಹ್ನ ರಿಜಿಸ್ಟರ್ ಇಟ್ಟುಕೊಂಡು ಫೋನ್ ಹಚ್ಚುತ್ತಾ ಕೂರುತ್ತೇವೆ. ಒಂದು ನಂಬರ್ ಊರಿನ ಕಿರಾಣಿ ಅಂಗಡಿಯದು. ಇನ್ನೊಂದು ಅಳಿಯನದು, ಅವನು ನಂಬರ್ ಬದಲಿಸಿದ್ದಾನೆ. "ಗ್ವಾಕ್ಕ ದುಡ್ಯಾಕ ಹೋಗ್ಯಾರ್ರಿ, ಹಬ್ಬಕ್ಕ ಬರತಾರ" ಅನ್ನುತ್ತಾರೆ. ಗುಳೆ ಹೋದವರ ಹೆಸರಿನ ಮುಂದೆ ಪೆನ್ಸಿಲಿನಿಂದ ಗುರುತು ಮಾಡಿ, ಹಬ್ಬ ಬಂದಾಗ ಮತ್ತೆ ಹಚ್ಚುತ್ತೇವೆ. ನಿಮ್ಮಲ್ಲಿ ಆಶಾ ಕಾರ್ಯಕರ್ತೆಯರು ಇದ್ದೀರಿ. ನೀವು ಒಂದು ಮನೆಗೆ ಹೋಗಿ "ಅಕ್ಕ ಆರಾಮ ಅದಾರ" ಅಂತ ತಿಳಿಸಿದರೆ ಅದೂ ಸಂಶೋಧನೆಯೇ.

ನಮ್ಮ ದೇಶದ್ದೇ ಒಂದು ದೊಡ್ಡ ಪರೀಕ್ಷೆ ಹೇಳುತ್ತೇನೆ. ಮುಂಬೈ ಟಾಟಾ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ಜೊತೆಯವರು ದೇಶದ 11 ಕಡೆ 1,600 ಹೆಂಗಸರಲ್ಲಿ ಮಾಡಿದ್ದು. ಹಲ್ಲು ಕೀಳುವಾಗ ಮರಗಟ್ಟಲು ಸೂಜಿ ಹಾಕುತ್ತಾರಲ್ಲ, ಆ ಜಾತಿಯ ಔಷಧವನ್ನು ಆಪರೇಷನ್ನಿಗೆ 7ರಿಂದ 10 ನಿಮಿಷ ಮೊದಲು ಗಂಟಿನ ಸುತ್ತ ಹಾಕುವುದು. ಅಷ್ಟೇ. ಕೊಯ್ಯುವಾಗ ಕಣಗಳು ಹಾರದಂತೆ ಇದು ತಡೆಯಬಹುದಾ ಅನ್ನುವ ಯೋಚನೆ. ಲೆಕ್ಕ 2023ರಲ್ಲಿ ಪ್ರಕಟವಾಯಿತು. ಐದು ವರ್ಷದ ಮೇಲೆ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 90.1 ಜನ ಬದುಕಿದ್ದರು, ಹಾಕದವರಲ್ಲಿ 86.4. ಇದಕ್ಕೆ ಹೊಸ ಮಷೀನು ಬೇಡ, ಲಕ್ಷಾಂತರ ರೂಪಾಯಿ ಬೇಡ. ಬೇರೆ ಕಡೆಯೂ ಒಮ್ಮೆ ಪರೀಕ್ಷೆ ಆಗಲಿ ಅನ್ನುವವರಿದ್ದಾರೆ, ನಾನೂ ಹಾಗೇ ಬಯಸುತ್ತೇನೆ. ಆದರೆ ಬಡವರ ದೇಶದಲ್ಲಿ ಎಂಥ ಪ್ರಶ್ನೆ ಕೇಳಬೇಕು ಅಂತ ಇದು ನನಗೆ ಕಲಿಸಿತು.

ಇಷ್ಟು ಹೊತ್ತು ಕೇಳಿ ನಿಮಗೆ ಚಿಕ್ಕದು ಕೊಯ್ದರೆ ಯಾವಾಗಲೂ ಒಳ್ಳೆಯದು ಅನಿಸಿರಬಹುದು. ನನಗೂ ಹಾಗೇ ಅನಿಸಿತ್ತು. 2018ರಲ್ಲಿ ನನ್ನ ನಂಬಿಕೆ ಅಲುಗಾಡಿತು. ಗರ್ಭಚೀಲದ ಬಾಯಿಯ ಕ್ಯಾನ್ಸರ್ ಶುರುವಿನಲ್ಲಿದ್ದರೆ ಗರ್ಭಚೀಲವನ್ನು ಸುತ್ತಲಿನ ಭಾಗದ ಸಮೇತ ತೆಗೆಯುತ್ತೇವೆ. ಹೊಟ್ಟೆ ಕೊಯ್ದು ಮಾಡುವುದು ಹಳೆಯ ರೀತಿ. ದುರ್ಬೀನು ಹಾಕಿ ಸಣ್ಣ ತೂತುಗಳಿಂದ ಮಾಡುವುದು ಹೊಸ ರೀತಿ. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಇದೇ ಮೇಲು ಅಂತ ಎಲ್ಲರೂ ತಿಳಿದಿದ್ದೆವು. 33 ಆಸ್ಪತ್ರೆಗಳಲ್ಲಿ 631 ಹೆಂಗಸರಲ್ಲಿ ಚೀಟಿ ಎತ್ತಿ ನೋಡಿದರು. ನಾಲ್ಕೂವರೆ ವರ್ಷದ ಮೇಲೆ ರೋಗವಿಲ್ಲದೆ ಇದ್ದವರು ಹೊಟ್ಟೆ ಕೊಯ್ದವರಲ್ಲಿ ನೂರಕ್ಕೆ 96.5, ದುರ್ಬೀನಿನವರಲ್ಲಿ 86. ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಒಳಗೆ ಗರ್ಭಚೀಲವನ್ನು ಹಿಡಿದು ಆಚೀಚೆ ಅಲುಗಾಡಿಸುವ ಸಲಕರಣೆಯಿಂದ ಕಣಗಳು ಚೆಲ್ಲುತ್ತವೆಯೋ ಏನೋ ಅನ್ನುವ ಅನುಮಾನ ಇದೆ. ಹೊರಗೆ ಕಾಣುವ ಗಾಯ ಚಿಕ್ಕದು, ಒಳಗಿನ ಹಾನಿ ದೊಡ್ಡದು. ಇದು ಈ ಒಂದು ಕ್ಯಾನ್ಸರಿನ ಮಾತು. ಗರ್ಭಚೀಲದ ಬೇರೆ ತೊಂದರೆಗಳಿಗೆ ದುರ್ಬೀನು ಒಳ್ಳೆಯದೇ. ಆದರೆ ಚೀಟಿ ಎತ್ತಿ ನೋಡದಿದ್ದರೆ ನಾವು ಇವತ್ತಿಗೂ ಎಲ್ಲರಿಗೂ ಅದನ್ನೇ ಮಾಡುತ್ತಾ ಇರುತ್ತಿದ್ದೆವು. 2024ರಲ್ಲಿ ಇನ್ನೊಂದು ಲೆಕ್ಕ ಬಂತು, ಈ ಸಲ ಒಳಗೆ ಎಷ್ಟು ತೆಗೆಯಬೇಕು ಅನ್ನುವುದರ ಮೇಲೆ. ಇದೇ ಕ್ಯಾನ್ಸರ್ ಚಿಕ್ಕದಿದ್ದರೆ, ಎರಡು ಸೆಂಟಿಮೀಟರಿನೊಳಗೆ ಇದ್ದರೆ, ಸುತ್ತಲಿನ ಭಾಗ ಬಿಟ್ಟು ಗರ್ಭಚೀಲ ಮಾತ್ರ ತೆಗೆದರೂ ಸಾಕು. 700 ಹೆಂಗಸರಲ್ಲಿ ನೋಡಿದ್ದು. ಮೂರು ವರ್ಷದಲ್ಲಿ ಅಲ್ಲೇ ರೋಗ ಮರಳಿದ್ದು ಎರಡೂ ಗುಂಪಿನಲ್ಲಿ ನೂರಕ್ಕೆ ಎರಡು, ಎರಡೂವರೆಯ ಆಸುಪಾಸು.

ಕ್ಯಾನ್ಸರ್ ಇದ್ದಾಗಲೇ ಕಡಿಮೆ ಕೊಯ್ಯಲು ಇಷ್ಟು ಹೆಣಗಾಡುತ್ತೇವೆ. ಹಾಗಿದ್ದರೆ ಕ್ಯಾನ್ಸರ್ ಇಲ್ಲದ ಗರ್ಭಚೀಲವನ್ನು ಯಾಕೆ ಇಷ್ಟು ಸಲೀಸಾಗಿ ತೆಗೆಯುತ್ತಾರೆ? ಇದನ್ನು ಹೇಳಲೆಂದೇ ನಾನು ಗದಗಿಗೆ ಬಂದದ್ದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂರಕ್ಕಿಂತ ಜಾಸ್ತಿ ಜನ ಗರ್ಭಚೀಲ ತೆಗೆಸಿಕೊಂಡಿದ್ದಾರೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ನನ್ನ ಹತ್ತಿರ ಬರುವವರು ಹೇಳುವುದು ಇಷ್ಟು. ಬಿಳಿ ಹೋಗುತ್ತಿತ್ತು, ಟೊಂಕ ನೋಯುತ್ತಿತ್ತು. ಸ್ಕ್ಯಾನಿಂಗ್ ಮಾಡಿ ಚೀಲಕ್ಕೆ ಬಾವು ಬಂದಿದೆ ಅಂದರು. ಮಕ್ಕಳಾದವಲ್ಲ, ಇನ್ನೇನು ಕೆಲಸ ಅದರದು, ಇಟ್ಟುಕೊಂಡರೆ ಮುಂದೆ ಕ್ಯಾನ್ಸರ್ ಆಗುತ್ತದೆ ಅಂದರು. ಚೈನು ಒತ್ತೆಯಿಟ್ಟು ಆಪರೇಷನ್ ಮಾಡಿಸಿದೆವು. ಈ ಮಾತುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂದರೆ, ಮುಂದಿನ ಸಾಲು ಅವರಿಗಿಂತ ಮೊದಲೇ ನನ್ನ ಬಾಯಿಗೆ ಬರುತ್ತದೆ.

ನಾನೂ ಇದರಿಂದ ಹೊರಗಿನವಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಚಿಕ್ಕ ಊರಿನ ಆಸ್ಪತ್ರೆಯಲ್ಲಿದ್ದೆ. 34 ವರ್ಷದ ಒಬ್ಬ ಹೆಣ್ಣುಮಗಳು ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಇಡೀ ದಿನ ಕೂತು ಟೊಂಕ ನೋವು, ಜೊತೆಗೆ ಬಿಳಿ ಹೋಗುವುದು. ದೊಡ್ಡ ಡಾಕ್ಟರು ಆಪರೇಷನ್ ಅಂದರು, ನಾನು ಮಾಡಿದೆ. ಹೇಗೂ ಹೊಟ್ಟೆ ತೆರೆದಿದೆಯಲ್ಲ ಅಂತ ಎರಡೂ ಅಂಡಾಶಯ ತೆಗೆದೆ. ಏಳು ವರ್ಷದ ಮೇಲೆ ಅವಳು ಬೇರೆ ಕಡೆ ನನ್ನನ್ನು ಹುಡುಕಿಕೊಂಡು ಬಂದಳು. ನಲವತ್ತೊಂದು ವರ್ಷ, ನೋಡಿದರೆ ಅರವತ್ತು ಅನ್ನಬೇಕು. ಮೈಯೆಲ್ಲ ಬೆಂಕಿ ಹೊತ್ತಿದ ಹಾಗೆ ಆಗುತ್ತದೆ, ರಾತ್ರಿ ನಿದ್ದೆ ಇಲ್ಲ. ಅಂಗಳದಲ್ಲಿ ಜಾರಿ ಬಿದ್ದದ್ದಕ್ಕೆ ಮುಂಗೈ ಮುರಿದಿತ್ತು. ಟೊಂಕ ನೋವು ಹಾಗೇ ಇತ್ತು. ಅವಳು ನನ್ನನ್ನು ಬಯ್ಯಲಿಲ್ಲ. "ನೀವ ಮಾಡಿದ್ದಲ್ರೀ ಆಪರೇಶನ್, ನಿಮಗ ಗೊತ್ತಿರತೈತಿ" ಅಂತ ಬಂದಿದ್ದಳು. ಆ ಕಾಗದದ ಮೇಲೆ ಸಹಿ ನನ್ನದೇ.

ಅಂಡಾಶಯದಿಂದ ಬರುವ ಹಾರ್ಮೋನ್ ಎಲುಬನ್ನು ಗಟ್ಟಿಯಾಗಿ ಇಡುತ್ತದೆ, ಹೃದಯವನ್ನು ಕಾಯುತ್ತದೆ. ಸಣ್ಣ ವಯಸ್ಸಿನಲ್ಲಿ ಎರಡನ್ನೂ ತೆಗೆದರೆ ಮುಟ್ಟು ಅವತ್ತೇ ನಿಂತಂತೆ. ಎಲುಬು ಟೊಳ್ಳಾಗುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ. ಅಂಡಾಶಯ ಬಿಟ್ಟು ಚೀಲ ಮಾತ್ರ ತೆಗೆದರೂ ಕೆಲವರಲ್ಲಿ ಮುಟ್ಟು ನಿಲ್ಲುವ ಕಾಲ ಬೇಗ ಬರುತ್ತದೆ.

ಬಿಳಿ ಹೋಗುವುದಕ್ಕೆ ಬಹಳ ಸಲ ಮಾತ್ರೆ ಸಾಕು. ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಮೊದಲು ರಕ್ತ ಎಷ್ಟಿದೆ ನೋಡಿ, ಕಬ್ಬಿಣದ ಮಾತ್ರೆ ಕೊಟ್ಟು, ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆ ಕೊಟ್ಟು ನೋಡಬಹುದು. ಹಾರ್ಮೋನ್ ಇರುವ ಕಾಪರ್ ಟಿಯಂಥ ಸಾಧನವನ್ನು ಒಳಗೆ ಹಾಕಿದರೆ ಐದು ವರ್ಷ ಅಥವಾ ಜಾಸ್ತಿ ನಡೆಯುತ್ತದೆ, ಎಷ್ಟೋ ಜನರಿಗೆ ಆಪರೇಷನ್ ತಪ್ಪುತ್ತದೆ. ಗಡ್ಡೆ ಬಹಳ ದೊಡ್ಡದಿದ್ದರೆ, ಯಾವ ಔಷಧಕ್ಕೂ ರಕ್ತ ನಿಲ್ಲದಿದ್ದರೆ, ಚೀಲ ಜಾರಿ ಹೊರಗೆ ಬಂದಿದ್ದರೆ, ಕ್ಯಾನ್ಸರ್ ಇದ್ದರೆ ಆಪರೇಷನ್ ಬೇಕು. ಆಗ ಹೆದರಿ ಮುಂದೂಡಬೇಡಿ. ಉಳಿದ ಸಲ ನಾಲ್ಕು ಮಾತು ಕೇಳಿ. ನನಗೆ ಏನು ಕಾಯಿಲೆ? ಔಷಧ ಕೊಟ್ಟು ನೋಡಿದ್ದಾಯಿತಾ? ಅಂಡಾಶಯ ಉಳಿಸುತ್ತೀರಾ? ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಒಂದು ವಾರ ಸಮಯ ಕೊಡುತ್ತೀರಾ? ನಾಳೆಯೇ ಆಗಬೇಕು ಅಂತ ಅವಸರ ಮಾಡಿದರೆ ಎದ್ದು ಬನ್ನಿ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಚೀಲದ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಎಲ್ಲ ರಾಜ್ಯಗಳಿಗೆ ಹೇಳಿದೆ. ಅಂದರೆ ನೀವು ಕೇಳುವುದು ಸೊಕ್ಕಿನ ಮಾತಲ್ಲ.

"ಕ್ಯಾನ್ಸರ್ ಆಗಬಾರದು ಅಂತ ತೆಗಿಸಿದೆ" ಅನ್ನುವವರಿಗೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಸೊಲ್ಲಾಪುರ ದಾಟಿದರೆ ಉಸ್ಮಾನಾಬಾದ್, ಈಗ ಧಾರಾಶಿವ. ನಮ್ಮ ಹಾಗೇ ಜೋಳ ಬೆಳೆಯುವ ಸೀಮೆ. ಅಲ್ಲಿ 497 ಹಳ್ಳಿಗಳಲ್ಲಿ 30ರಿಂದ 59 ವರ್ಷದ 1 ಲಕ್ಷ 31 ಸಾವಿರ ಹೆಂಗಸರ ಮೇಲೆ ಪರೀಕ್ಷೆ ನಡೆಯಿತು, 2009ರಲ್ಲಿ ಪ್ರಕಟವಾಯಿತು. ಗರ್ಭಚೀಲದ ಬಾಯಿಯ ಕ್ಯಾನ್ಸರ್ ತರುವುದು ಎಚ್‌ಪಿವಿ ಅನ್ನುವ ವೈರಸ್. ಅದು ಇದೆಯಾ ಅಂತ ಒಂದೇ ಒಂದು ಸಲ ನೋಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟದ್ದಕ್ಕೆ ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮುಂಬೈಯ ಬಡ ಬಡಾವಣೆಗಳಲ್ಲಿ ಇನ್ನೂ ಸರಳವಾದ ಪರೀಕ್ಷೆ. ವಿನೆಗರ್ ಹುಳಿಯಂಥ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಗರ್ಭಚೀಲದ ಬಾಯಿಗೆ ಹಚ್ಚಿ ಒಂದು ನಿಮಿಷ ನೋಡುವುದು. ಕೆಟ್ಟ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಅದನ್ನು ಮಾಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ನಿಮ್ಮಂಥ ಹೆಣ್ಣುಮಕ್ಕಳು. ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಹೋಲಿಸಿ ನೋಡಲು ಇಟ್ಟ ಗುಂಪಿನ ಹೆಂಗಸರಿಗೆ ಪರೀಕ್ಷೆ ಸಿಗಲಿಲ್ಲ, ಅದು ನ್ಯಾಯವೇ ಅಂತ ಈ ಎರಡರ ಮೇಲೂ ಟೀಕೆ ಬಂತು. ಆ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆ ಹೆಂಗಸರ ಋಣ ನಮ್ಮ ಮೇಲಿದೆ, ಅವರಿಂದ ತಿಳಿದದ್ದನ್ನು ಪ್ರತಿ ಹಳ್ಳಿಗೂ ಮುಟ್ಟಿಸಿದರೆ ಮಾತ್ರ ಅದು ತೀರುತ್ತದೆ. 30 ದಾಟಿದ ಹೆಂಗಸರಿಗೆ ಈ ಹುಳಿ ಹಚ್ಚುವ ಪರೀಕ್ಷೆ ಮಾಡಬೇಕು ಅನ್ನುವುದು ಈಗ ಸರ್ಕಾರದ್ದೇ ಕಾರ್ಯಕ್ರಮ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿ ಮಾಡಿಸಿಕೊಳ್ಳಿ.

ನಿಮ್ಮ ಹೆಣ್ಣುಮಕ್ಕಳಿಗೆ, 9ರಿಂದ 14 ವರ್ಷದವರಿಗೆ, ಲಸಿಕೆ ಇದೆ. ಅದರ ಹಿಂದೆಯೂ ನಮ್ಮ ಹುಡುಗಿಯರಿದ್ದಾರೆ. 2009ರಲ್ಲಿ ಎರಡು ಡೋಸ್ ಸಾಕೋ ಮೂರು ಬೇಕೋ ಅಂತ ದೇಶದಲ್ಲಿ ಪರೀಕ್ಷೆ ಶುರುವಾಯಿತು. 2010ರಲ್ಲಿ ಸರ್ಕಾರ ಅರ್ಧಕ್ಕೇ ನಿಲ್ಲಿಸಿತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಸಂಶೋಧಕರು ಅವರನ್ನು ಕೈಬಿಡಲಿಲ್ಲ, ಹತ್ತು ವರ್ಷ ನೋಡುತ್ತಾ ಹೋದರು. ಒಂದು ಡೋಸ್ ಕೂಡ ಮೂರರಷ್ಟೇ ಕಾಯುತ್ತದೆ ಅಂತ ಗೊತ್ತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಸಾಕು ಅನ್ನುವ ದಾರಿಗೆ ಒಪ್ಪಿತು. ನಾನು ಹೇಳಿದೆನಲ್ಲ, ಶನಿವಾರದ ಫೋನು. ಅದರ ಬೆಲೆ ಇದು.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ. ಹೆಸರು ಬರೆದಿಲ್ಲ. "ಮುಟ್ಟು ನಿಂತು ಎಂಟು ವರ್ಷ ಆಗೇತಿ. ಹೋದ ತಿಂಗಳ ಎರಡ ದಿನ ಸ್ವಲ್ಪ ಕಂಡಂಗ ಆತು. ಈಗ ಇಲ್ಲ. ಮನ್ಯಾಗ ಹೇಳಿಲ್ಲ."

ಬರೆದವರಿಗೆ ಹೇಳುತ್ತೇನೆ. ಮುಟ್ಟು ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ಬಹಳ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಒಳಗಿನ ಪದರ ಒಣಗಿ ತೆಳ್ಳಗಾಗಿ ಹೀಗಾಗುತ್ತದೆ, ಅದಕ್ಕೆ ಸುಲಭದ ಔಷಧ ಇದೆ. ಆದರೆ ನೋಡದೆ ಹೇಳಲು ಆಗುವುದಿಲ್ಲ. ಮೊದಲು ಸ್ಕ್ಯಾನಿಂಗ್ ಮಾಡಿ ಒಳಪದರ ಎಷ್ಟು ದಪ್ಪ ಇದೆ ನೋಡುತ್ತಾರೆ. ದಪ್ಪ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬಹಳ ಸಲ ಅವತ್ತೇ ಮನೆಗೆ ಹೋಗಬಹುದು. ಚೂರು ತೆಗೆದರೆ ರೋಗ ಹಬ್ಬುವುದಿಲ್ಲ. ಪರೀಕ್ಷೆಯ ಕಾಗದ ಬರುವ ಮೊದಲು ಯಾರಾದರೂ ಚೀಲ ತೆಗೆಯೋಣ ಅಂದರೆ ಒಪ್ಪಬೇಡಿ.

ಸಭೆ ಮುಗಿದ ಮೇಲೆ ನಾನು ಇದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಕೊನೆಯ ಬಸ್ಸು ಹೋಗುವವರೆಗೂ ಇರುತ್ತೇನೆ. ಚೀಟಿ ಬರೆದವರು ನೀವೇ ಅಂತ ಹೇಳಬೇಕಾಗಿಲ್ಲ. ನಾಲ್ಕು ಜನ ಅಕ್ಕಂದಿರ ಜೊತೆ ಒಳಗೆ ಬನ್ನಿ.